ರೆಡಿಮೇಡ್ ಮೈಸೂರು ಪೇಟ: ಫೋಟೋಗೆ ಓಕೆ, ತಲೆಗೆ ಕಷ್ಟ

ನಮ್ಮ ಸೋದರಮಾವನ 60ರ ಶಾಂತಿಗೆ ಅಂತ ಹೋದ ತಿಂಗಳು ಒಂದು ಮೈಸೂರು ಪೇಟ ತಗೊಂಡೆ, ಚಿಕ್ಕಪೇಟೆ ಕಡೆ ಗಲ್ಲಿಯೊಳಗಿನ ಅಂಗಡಿ, ಹೆಸರು ಬೇಡ ಬಿಡಿ. 650 ರೂಪಾಯಿ. ಶಾಲು, ಗಂಧದ ಹಾರ, ಮೊಮೆಂಟೋ, ಪೇಟ ಎಲ್ಲಾ ಒಂದೇ ರ‍್ಯಾಕಲ್ಲಿ, ‘ಸನ್ಮಾನ ಸೆಟ್’ ಅಂತಲೇ ಮಾರ್ತಾರೆ. ಪೇಟ ಬೇಕು ಅಂದ ತಕ್ಷಣ ಅಂಗಡಿಯವ್ರು ಕೇಳಿದ್ದು ತಲೆ ಸೈಜ್ ಅಲ್ಲ, "ಎಷ್ಟು ಜನಕ್ಕೆ ಸಾರ್?" ಅಂತ.

ನೋಡಕ್ಕೆ ಚೆನ್ನಾಗೇ ಇದೆ, ಬಿಳಿ ಬಟ್ಟೆ, ಚಿನ್ನದ ಬಣ್ಣದ ಅಂಚು, ದೂರದಿಂದ ರೇಷ್ಮೆ ಥರಾನೇ ಮಿಂಚತ್ತೆ. ಒಳಗೆ ತಿರುಗಿಸಿ ನೋಡಿದ್ರೆ ರಟ್ಟು, ಅದರ ಮೇಲೆ ತೆಳ್ಳಗೆ ಫೋಮ್, ಹಿಂದೆ ಒಂದಿಂಚು ಎಲಾಸ್ಟಿಕ್, ಅದಕ್ಕೇ ‘ಫ್ರೀ ಸೈಜ್’ ಅಂತೆ. ನಮ್ಮ ಮಾವಂದು ದೊಡ್ಡ ತಲೆ, ಪೇಟ ಕೆಳಗಿಳೀಲೇ ಇಲ್ಲ, ಮಡಕೆ ಮೇಲೆ ಮುಚ್ಚಳ ಇಟ್ಟಂಗೆ ಕೂತಿತ್ತು. ಆರತಿಗೆ ಬಗ್ಗಿದಾಗ ಎರಡು ಸಲ ಬಿತ್ತು. ಮುಕ್ಕಾಲು ಗಂಟೆ ಆಗೋಷ್ಟರಲ್ಲಿ ಹಣೆ ಮೇಲೆ ಕೆಂಪು ಗೆರೆ, ಬೆವರಿಗೆ ಅಂಚು ಕಿತ್ಕೊಂಡು ಬಂತು, ಆಗ ಗೊತ್ತಾಯ್ತು ಜರಿ ನೇಯ್ದಿದ್ದಲ್ಲ, ಗಮ್ ಹಾಕಿ ಅಂಟಿಸಿದ್ದು ಅಂತ. ಆಮೇಲೆ ಅಂಗಡಿಗೆ ಫೋನ್ ಮಾಡಿ ಕೇಳಿದ್ರೆ "ಸಾರ್ ಅದು ಐದು ನಿಮಿಷದ ಐಟಂ, ಊಟದ ತನಕ ಯಾರು ಹಾಕ್ಕೋತಾರೆ" ಅಂದ್ರು. ಕೋಪ ಬಂತು, ಆದ್ರೆ ಅವ್ರು ಹೇಳಿದ್ದು ಸುಳ್ಳೇನಲ್ಲ.

ಯಾಕಂದ್ರೆ ಇದನ್ನ ಇಡೀ ದಿನ ಹಾಕ್ಕೊಳೋ ಜನ ಇದ್ರು ಅಂತ ನಮಗೇ ಮರೆತೋಗಿದೆ. ನಮ್ಮ ತಾತ ತಾಲೂಕು ಆಫೀಸಲ್ಲಿ ಗುಮಾಸ್ತರು, ದಿನಾ ಬೆಳಗ್ಗೆ ರುಮಾಲಿನ ಒಂದು ತುದಿ ಅಮ್ಮನ ಕೈಗೆ ಕೊಟ್ಟು (ಅಮ್ಮ ಆಗ ಚಿಕ್ಕ ಹುಡುಗಿ) ಇನ್ನೊಂದು ತುದಿಯಿಂದ ಸುತ್ಕೊಂಡು ಸುತ್ಕೊಂಡು ಬರೋರಂತೆ, ಅಳತೆ ತಂತಾನೇ ಸರಿಹೋಗೋದು, ತಲೆ ಅವರದ್ದೇ ಅಲ್ವಾ. ಬರಿತಲೇಲಿ ಹೊಸಿಲು ದಾಟಿದ್ದು ನೋಡೇ ಇಲ್ಲ ಅಂತಾರೆ ಅಮ್ಮ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಯಾವ ಫೋಟೋ ಬೇಕಾದ್ರೂ ತೆಗೀರಿ, ಪೇಟ ಇಲ್ದೆ ಅವರ ಮುಖ ನಮಗೆ ಗುರುತೇ ಸಿಗಲ್ಲ. ಮಡಿಕೆ ಒಂದೊಂದೂ ಎಷ್ಟು ಬಿಗಿಯಾಗಿ ಕೂತಿರತ್ತೆ ನೋಡಿ, ಇದು ಅಂಟಿಸಿದ್ದು ಅನ್ನೋಕೆ ಸಾಧ್ಯಾನೇ ಇಲ್ಲ.

ಹೋಗಿದ್ದು ಹೇಗೆ ಅಂದ್ರೆ ಒಂದೇ ದಿನದಲ್ಲಲ್ಲ. ಮೊದಲು ಜುಟ್ಟು ಹೋಗಿ ಕ್ರಾಪು ಬಂತು, ಆಮೇಲೆ ಚಳವಳಿ ಕಾಲದಲ್ಲಿ ಎಷ್ಟೋ ಜನ ಪೇಟ ಇಳಿಸಿ ಗಾಂಧಿ ಟೋಪಿ ಏರಿಸಿದ್ರು, ನಿಜಲಿಂಗಪ್ಪನವರ ಫೋಟೋಗಳಲ್ಲಿ ಅದೇ ಬಿಳಿ ಟೋಪಿ. ನಮ್ಮಪ್ಪನ ಕಾಲಕ್ಕೆ ಅದೂ ಇಲ್ಲ, ಕೊಬ್ಬರಿ ಎಣ್ಣೆ ಹಚ್ಚಿ ಬಾಚಿದ ಕ್ರಾಪೇ ಸ್ಟೈಲು. ಬಾಚಣಿಗೆ ಜೇಬಿಗೆ ಬಂತು, ರುಮಾಲು ಗೂಟಕ್ಕೆ ಹೋಯ್ತು. ಈಗ ದಿನಾ ತಲೆ ಮೇಲೆ ಇರೋದು ಅಂದ್ರೆ ಹೆಲ್ಮೆಟ್ ಒಂದೇ, 2016ರಿಂದ ಹಿಂದೆ ಕೂತೋರಿಗೂ ಕಡ್ಡಾಯ ಮಾಡಿದ್ಮೇಲೆ ಮನೇಲಿ ಎರಡೆರಡು. ಅದನ್ನ ತಗೊಳೋವಾಗ ಮಾತ್ರ ನಾಲ್ಕು ಅಂಗಡಿ ಸುತ್ತಿ ಹಾಕಿ ತೆಗೆದು ಸೈಜ್ ನೋಡ್ತೀವಿ.

ಹೋಲಿಕೆಗೆ ಹೇಳ್ತೀನಿ, ಪುತ್ತೂರು ಕಡೆ ಹೋದಾಗ ಒಂದು ಮುಟ್ಟಾಳೆ ತಂದಿದ್ದೆ, ಅಡಿಕೆ ಹಾಳೆದು. ಹಾಳೇನ ನೆನೆಸಿ ಮಡಚಿ ಮಾಡಿದ್ದು, ಹಗೂರ, ಬೆವರು ನಿಲ್ಲಲ್ಲ, ತೋಟದ ಕೆಲಸಕ್ಕೆ, ತಲೆ ಹೊರೆಗೆ ಅಂತಲೇ ಹುಟ್ಟಿದ್ದು. ಅದನ್ನ ಹಾಕ್ಕೊಂಡು ಬಿಸಿಲಲ್ಲಿ ಎರಡು ಗಂಟೆ ಗಿಡಕ್ಕೆ ಮಣ್ಣು ಹಾಕಿದ್ದೀನಿ, ತಲೇಲಿ ಇದೆ ಅಂತಾನೇ ಗೊತ್ತಾಗ್ಲಿಲ್ಲ. ಆದ್ರೆ ಅದನ್ನೂ ಈಗ ಸ್ಟೇಜ್ ಮೇಲೆ ಅತಿಥಿಗಳಿಗೆ ತೊಡಿಸೋಕೆ ಶುರು ಮಾಡಿದ್ದಾರೆ.

ಐದಕ್ಕೆ ಎರಡು ಸ್ಟಾರ್, ಅದೂ ಬಾಕ್ಸ್ ಗಟ್ಟಿ ಇದೆ ಅಂತ. ಐದಾರು ಜನಕ್ಕೆ ಸಾಲಾಗಿ ನಿಲ್ಲಿಸಿ ಸನ್ಮಾನ ಮಾಡೋರಾದ್ರೆ ಕಣ್ಮುಚ್ಚಿ ತಗೊಳಿ. ಮದುವೆ, ಶಾಂತಿ ಅಂತ ನಾಲ್ಕು ಗಂಟೆ ಹಾಕ್ಕೊಳೋದಾದ್ರೆ ಮಾತ್ರ ಸುತ್ತಳತೆ ಟೇಪಲ್ಲಿ ಅಳೆದು ಬರ‍್ಕೊಂಡು ಹೋಗಿ, ಅಂಚು ಉಗುರಲ್ಲಿ ಒಂಚೂರು ಕೆರೆದು ನೋಡಿ, ಆಮೇಲೆ ದುಡ್ಡು ಕೊಡಿ. ಮಾವಂದು ಸದ್ಯಕ್ಕೆ ಶೋಕೇಸ್ ಮೇಲಿದೆ, ಸ್ಕೂಲಲ್ಲಿ ಫ್ಯಾನ್ಸಿ ಡ್ರೆಸ್ ಇದೆ ಅಂತ ಮೊಮ್ಮಗ ಆಗಲೇ ಬುಕ್ ಮಾಡಿದ್ದಾನೆ, ಅವನ ತಲೆಗೆ ಸ್ವಲ್ಪ ಲೂಸು, ಪೇಪರ್ ತುರುಕಬೇಕು.