ಎಂ416 ಮಿಲಿಟರಿ ಟ್ರೈಲರ್‌ಗೆ ಬ್ರೇಕ್ ಇರುವ ಹೊಸ ಆಕ್ಸಲ್: ನಾಲ್ಕು ವರ್ಷ ಎಳೆದಾಡಿದ ಮೇಲೆ

ಈ ಆಕ್ಸಲ್ ತರಿಸಿದ್ದು ಬ್ರೇಕಿಗಾಗಿ ಅಲ್ಲ, ಸ್ಟೆಪ್ನಿಗಾಗಿ.

ಎಂ416 ಅಂದರೆ ಅಮೆರಿಕದ ಸೇನೆ ಎಂ151 ಜೀಪಿನ ಹಿಂದೆ ಕಟ್ಟುತ್ತಿದ್ದ ಕಾಲು ಟನ್ನಿನ ಪುಟ್ಟ ಟ್ರೈಲರ್. ಅದರ ಚಕ್ರಕ್ಕೆ ಐದು ಬೋಲ್ಟ್, 5.5 ಇಂಚಿನ ವೃತ್ತದಲ್ಲಿ. ನನ್ನ ನಾಲ್ಕು ಬಾಗಿಲಿನ ಜೀಪ್ ರ್‍ಯಾಂಗ್ಲರ್ ಜೆಕೆಗೂ ಐದೇ ಬೋಲ್ಟ್, ಆದರೆ 5 ಇಂಚಿನ ವೃತ್ತ. ಅರ್ಧ ಇಂಚಿನ ಸಲುವಾಗಿ ಎರಡು ಸ್ಟೆಪ್ನಿ ಹೊತ್ತು ತಿರುಗಬೇಕಿತ್ತು. ಜೀಪಿನ ಚಕ್ರವೇ ಕೂರುವ ಹಬ್ (ಚಕ್ರವನ್ನು ಬೋಲ್ಟ್ ಮಾಡುವ ನಡುಭಾಗ) ಇರುವ, 3,500 ಪೌಂಡ್ ಹೊರುವ ಆಕ್ಸಲ್ ಸಿಗುತ್ತದೆ ಅಂತ ಗೊತ್ತಾಯಿತು. ಸುಮ್ನೆ ಇರಲಿ ಅಂತ 10 ಇಂಚಿನ ಎಲೆಕ್ಟ್ರಿಕ್ ಡ್ರಮ್ ಬ್ರೇಕೂ ಸೇರಿಸಿದೆ.

ಆ 'ಸುಮ್ನೆ'ಯೇ ಈಗ ನನಗೆ ಮುಖ್ಯವಾಗಿದೆ.

ಹಳೆಯದರಲ್ಲಿ ಇದ್ದದ್ದು ಹ್ಯಾಂಡ್ ಬ್ರೇಕ್ ಮಾತ್ರ, ಅದೂ ನಿಲ್ಲಿಸಿದಾಗ ಹಾಕಲು. ಟ್ರೈಲರ್ ಖಾಲಿಯಿದ್ದರೆ 600 ಪೌಂಡ್ ಹತ್ತಿರ ತೂಗುತ್ತದೆ. ಟೆಂಟು, ನೀರು, ಒಲೆ ತುಂಬಿದರೆ 1,100 ದಾಟುತ್ತದೆ. 1,000 ಪೌಂಡ್ ಮೀರಿದರೆ ಟ್ರೈಲರ್‌ಗೆ ಅದರದೇ ಬ್ರೇಕ್ ಇರಲಿ ಅಂತ ಜೀಪಿನ ಕೈಪಿಡಿಯೇ ಹೇಳುತ್ತದೆ. ನಾನು ಓದಿರಲಿಲ್ಲ. ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್‌ನಿಂದ ಪಶ್ಚಿಮಕ್ಕೆ ಹೊರಟರೆ ಐ-70 ಹೆದ್ದಾರಿಯಲ್ಲಿ 11,000 ಅಡಿ ಎತ್ತರದ ಐಸೆನ್‌ಹೋವರ್ ಸುರಂಗ ಸಿಗುತ್ತದೆ. ಅಲ್ಲಿಂದ ಸಿಲ್ವರ್‌ಥಾರ್ನ್‌ಗೆ ಇಳಿಯುವ ರಸ್ತೆಯ ಇಳಿಜಾರು ಶೇ 7ರಷ್ಟು. ಬ್ರೇಕ್ ಕೈಕೊಟ್ಟ ಲಾರಿಗಳು ನುಗ್ಗಿ ನಿಲ್ಲಲಿ ಅಂತ ಪಕ್ಕದಲ್ಲೇ ಜಲ್ಲಿ ಹಾದಿ ಮಾಡಿಟ್ಟಿದ್ದಾರೆ. ಅಲ್ಲಿ ಮೊದಲ ಸಲ ಟ್ರೈಲರ್ ಹಿಂದಿನಿಂದ ದೂಡಿದಾಗ ಮಂಡ್ಯ ಕಡೆಯ ಕಬ್ಬಿನ ಟ್ರ್ಯಾಕ್ಟರ್ ನೆನಪಾಯಿತು. ನಮ್ಮೂರಿನ ಇಳಿಜಾರಲ್ಲಿ ಗಾಡಿ ನಿಂತರೆ ಕೆಳಗಿಳಿದು ಚಕ್ರಕ್ಕೆ ಕಲ್ಲು ಕೊಡುವ ಕೆಲಸ ಚಿಕ್ಕವನಾಗಿದ್ದ ನನ್ನದಾಗಿತ್ತು.

ಕೂರಿಸುವ ಮೊದಲು ಅಳತೆ ಎರಡೆರಡು ಸಲ ತೆಗೆಯಿರಿ. ಒಂದು ಹಬ್ಬಿನ ಮುಖದಿಂದ ಇನ್ನೊಂದರ ಮುಖಕ್ಕೆ, ಆಮೇಲೆ ಎರಡು ಪಟ್ಟಿ ಸ್ಪ್ರಿಂಗ್‌ಗಳ ನಡು ಭಾಗದ ಅಂತರ. ನಾನು ಜೀಪಿನ ಚಕ್ರದ ಜಾಡಿಗೆ ಹೊಂದುವಷ್ಟು ಅಗಲ ಕೇಳಿದೆ. ಮರಳಿನಲ್ಲಿ ಟ್ರೈಲರ್ ತನ್ನದೇ ಹೊಸ ಜಾಡು ಕೊರೆಯುವುದಿಲ್ಲ. ಇಂಥ ಆಕ್ಸಲ್ ಕೊಳವೆ ನೆಟ್ಟಗಿರುವುದಿಲ್ಲ, ನಡುವೆ ಸ್ವಲ್ಪ ಉಬ್ಬಿರುತ್ತದೆ. ಆ ಉಬ್ಬು ಮೇಲೆ ಬರುವಂತೆ ಇಟ್ಟುಕೊಂಡೇ ಸ್ಪ್ರಿಂಗ್ ಕೂರುವ ತಟ್ಟೆ ವೆಲ್ಡ್ ಮಾಡಿಸಬೇಕು. ಹಳೆ ಡ್ರಮ್ ಬಿಚ್ಚುವಾಗ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಆ ಕಾಲದ ಬ್ರೇಕ್ ಶೂಗಳಲ್ಲಿ (ಡ್ರಮ್ಮಿಗೆ ಒಳಗಿನಿಂದ ಒತ್ತುವ ಬಿಲ್ಲಿನಂಥ ತುಂಡುಗಳಲ್ಲಿ) ಆಸ್ಬೆಸ್ಟಾಸ್ ಇರಬಹುದು. ಒದ್ದೆ ಮಾಡಿ ಒರೆಸಿ.

ಇನ್ನು ನನ್ನ ಪೆದ್ದುತನ. ಬ್ರೇಕ್ ಕೂರಿಸಿ ಒಂದು ತಿಂಗಳು, ಟ್ರೈಲರ್ ಬ್ರೇಕಿಗೆ ಕರೆಂಟ್ ಕಳಿಸುವ ಕಂಟ್ರೋಲರನ್ನು ಎಷ್ಟು ಏರಿಸಿದರೂ ಹಿಡಿತ ಬರಲಿಲ್ಲ. ಮಾರಿದವರನ್ನು ಮನಸ್ಸಲ್ಲೇ ಬೈದುಕೊಂಡೆ. ಕೊನೆಗೆ ಡ್ರಮ್ ತೆಗೆದು ನೋಡಿದ ಗೆಳೆಯ ನಕ್ಕ. ಎಡದ ಬ್ರೇಕ್ ಬಲಕ್ಕೆ, ಬಲದ್ದು ಎಡಕ್ಕೆ! ಎರಡು ಶೂಗಳಲ್ಲಿ ಲೈನಿಂಗ್ (ಉಜ್ಜುವ ಪಟ್ಟಿ) ಗಿಡ್ಡ ಇರುವುದು ಮುಂದೆ ಇರಬೇಕಂತೆ. ಅದಲು ಬದಲು ಮಾಡಿದ ದಿನವೇ ಬೇರೆ ಗಾಡಿ ಆಯಿತು.

ಕಂಟ್ರೋಲರ್ ಟೆಕಾನ್ಶಾ ಪ್ರಾಡಿಜಿ ಪಿ3. ಅದರಲ್ಲಿ ನನಗಿಷ್ಟವಾದದ್ದು ಕೈಯಿಂದ ಒತ್ತುವ ಲಿವರ್. ಕಲ್ಲುದಾರಿ ಇಳಿಯುವಾಗ ಜೀಪಿನ ಬ್ರೇಕ್ ಮುಟ್ಟದೆ ಟ್ರೈಲರ್ ಒಂದನ್ನೇ ಹಿಡಿಯಬಹುದು. ಟ್ರೈಲರ್ ಮುಂದಕ್ಕೆ ದೂಡಿದಾಗ ತಾನೇ ಹಿಡಿಯುವ ಸರ್ಜ್ ಬ್ರೇಕಿನಲ್ಲಿ ಈ ಸೌಕರ್ಯ ಇಲ್ಲ. ಗ್ರೌಂಡ್‌ಗೆ (ಕರೆಂಟ್ ವಾಪಸ್ ಹೋಗಲು) ಬೇರೆ ತಂತಿ ಎಳೆಯಿರಿ, ಕೊಂಡಿಯ ಕಬ್ಬಿಣವನ್ನು ನಂಬಬೇಡಿ. ಮಿಲಿಟರಿ ದೀಪಗಳು 24 ವೋಲ್ಟಿನವು. ಅವನ್ನೂ ಅದೇ ವಾರ 12ಕ್ಕೆ ಬದಲಿಸಿದೆ.

ಎರಡನೇ ವರ್ಷ ಎಡ ಚಕ್ರದ ಬ್ರೇಕ್ ಸತ್ತಿತು. ಅದಕ್ಕೂ ನಾನೇ ಕಾರಣ. ಆಕ್ಸಲ್ ತುದಿಯಲ್ಲಿ ಗ್ರೀಸ್ ಹೊಡೆಯುವ ನಿಪ್ಪಲ್ ಇದೆ. ಚಕ್ರ ತಿರುಗಿಸದೆ ಗನ್‌ನಲ್ಲಿ ಜೋರಾಗಿ ಒತ್ತಿದೆ. ಹಬ್ಬಿನ ಹಿಂಬದಿಯ ಸೀಲ್ ಕಿತ್ತು ಗ್ರೀಸ್ ಎಲ್ಲಾ ಶೂಗೆ ಬಡಿಯಿತು. ಗ್ರೀಸ್ ಕುಡಿದ ಶೂ ತೊಳೆದರೂ ಉಪಯೋಗವಿಲ್ಲ, ಹೊಸದೇ ಹಾಕಬೇಕು. ಈಗ ವರ್ಷಕ್ಕೊಮ್ಮೆ ಹಬ್ ಬಿಚ್ಚಿ ಕೈಯಲ್ಲೇ ಗ್ರೀಸ್ ತುಂಬುತ್ತೇನೆ. ಬೇರಿಂಗ್ ಚಿಂತೆಯಂತೂ ಇಲ್ಲ. ಎಲ್68149, ಎಲ್44649 ಅಂತ ನಂಬರ್ ಹೇಳಿದರೆ ಸಣ್ಣ ಊರಿನ ಅಂಗಡಿಯಲ್ಲೂ ಕೊಡುತ್ತಾರೆ. ಹಳೆ ಆಕ್ಸಲ್ಲಿನ ಭಾಗಗಳಿಗೆ ನಾನು ಪಟ್ಟ ಪಾಡು ಬೇಡ.

ಬೇಸರದ ವಿಷಯವೂ ಇದೆ. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ಇಲ್ಲಿನ ರಸ್ತೆಗೆ ಮೆಗ್ನೀಸಿಯಂ ಕ್ಲೋರೈಡ್ ಎಂಬ ಲವಣ ಸುರಿಯುತ್ತಾರೆ. ವಾರಗಟ್ಟಲೆ ನಿಲ್ಲಿಸಿದರೆ ಡ್ರಮ್ಮಿಗೆ ತುಕ್ಕು ಹಿಡಿದು ಮೊದಲ ಮೈಲಿ ಕರಕರ ಅನ್ನುತ್ತದೆ. ಬ್ರೇಕ್ ತಾನಾಗಿ ಅಡ್ಜಸ್ಟ್ ಆಗುವ ಮಾದರಿ ಬೇರೆ ಇತ್ತು, ನಾನು ಜಿಪುಣತನ ಮಾಡಿದೆ. ಪ್ರತಿ ದೊಡ್ಡ ಪ್ರವಾಸಕ್ಕೆ ಮುಂಚೆ ಕೆಳಗೆ ಮಲಗಿ, ಬ್ರೇಕಿನ ಹಿಂಬದಿ ತಟ್ಟೆಯ ಕಂಡಿಯಲ್ಲಿ ಸ್ಕ್ರೂಡ್ರೈವರ್ ತೂರಿಸಿ ಹಲ್ಲುಚಕ್ರ ತಿರುಗಿಸಬೇಕು. ಎಲ್ಲಕ್ಕಿಂತ ಜಾಸ್ತಿ ಬೇಸರ, ಹಳೆ ಆಕ್ಸಲ್ ಜೊತೆ ಹ್ಯಾಂಡ್ ಬ್ರೇಕೂ ಹೋಯಿತು. ಎಲೆಕ್ಟ್ರಿಕ್ ಬ್ರೇಕ್ ಟ್ರೈಲರನ್ನು ರಾತ್ರಿಯೆಲ್ಲಾ ಹಿಡಿದು ನಿಲ್ಲಿಸುವುದಿಲ್ಲ. ಹಾಗಾಗಿ ಕ್ಯಾಂಪ್ ತಲುಪಿದ ಕೂಡಲೇ ಚಕ್ರಕ್ಕೆ ಕಲ್ಲು ಕೊಡುವ ಕೆಲಸ ಮತ್ತೆ ನನ್ನದೇ.

ಖರ್ಚು, ಕಂಟ್ರೋಲರ್ ಮತ್ತು ವೆಲ್ಡಿಂಗ್ ಸೇರಿ ಸುಮಾರು 900 ಡಾಲರ್. ಐದಕ್ಕೆ ನಾಲ್ಕೂವರೆ ನಕ್ಷತ್ರ ಕೊಡುತ್ತೇನೆ. ಟ್ರೈಲರನ್ನು ಸೇನೆಯಲ್ಲಿದ್ದ ಹಾಗೇ ಉಳಿಸಿಕೊಳ್ಳಬೇಕು ಅನ್ನುವವರು ಈ ದಾರಿಗೆ ಬರಬೇಡಿ. ಬಂದರೂ ಹಳೆಯದನ್ನು ಗುಜರಿಗೆ ಹಾಕಬೇಡಿ. ನನ್ನದನ್ನು ಎಂ151 ಜೀಪ್ ರಿಪೇರಿ ಮಾಡುತ್ತಿದ್ದ ಅಜ್ಜ ಒಬ್ಬರು ಬೆಲೆಯನ್ನೂ ಕೇಳದೆ ಎತ್ತಿಕೊಂಡು ಹೋದರು.