ಎನ್ಸೆಲಾಡಸ್ ಹುಡುಕಾಟದಲ್ಲಿ ಎಂಟು ಇಂಚಿನ ಡಾಬ್ಸೋನಿಯನ್: ಒಂದು ವಿಮರ್ಶೆ

ಶನಿಯ ಉಂಗುರಗಳನ್ನು ಸಾಧಾರಣ ದೂರದರ್ಶಕವೂ ತೋರಿಸುತ್ತದೆ, ಅದರ ಅತಿ ದೊಡ್ಡ ಉಪಗ್ರಹ ಟೈಟನ್ ಕೂಡ ಸುಲಭವಾಗಿ ಸಿಗುತ್ತದೆ. ಆದ್ದರಿಂದ ನಾನು ಕೊಂಡ ಎಂಟು ಇಂಚು ಕನ್ನಡಿಯ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೈಯಿಂದಲೇ ತಿರುಗಿಸುವ) ದೂರದರ್ಶಕವನ್ನು ಒರೆಗೆ ಹಚ್ಚಲು ಶನಿಯ ಪುಟ್ಟ ಉಪಗ್ರಹ ಎನ್ಸೆಲಾಡಸ್ ಅನ್ನೇ ಆರಿಸಿಕೊಂಡೆ. ಅದರ ವ್ಯಾಸ ಸುಮಾರು 504 ಕಿ.ಮೀ., ಕಾಂತಿಮಾನ (ಸಂಖ್ಯೆ ಹೆಚ್ಚಿದಷ್ಟೂ ಮಂದವೆಂದು ಹೇಳುವ ಹೊಳಪಿನ ಅಳತೆ) 11.7ರ ಆಸುಪಾಸು, ಶನಿ ಹತ್ತಿರ ಬಂದಾಗಲೂ ನಮ್ಮಿಂದ ಸುಮಾರು 120 ಕೋಟಿ ಕಿ.ಮೀ. ಇಲ್ಲವೇ ಅದಕ್ಕಿಂತ ಹೆಚ್ಚು ದೂರದಲ್ಲಿರುತ್ತದೆ. ಮೈಮೇಲಿನ ಹೊಸ ಹಿಮ ಬಿಸಿಲನ್ನು ಬಹುಪಾಲು ಹಾಗೆಯೇ ಹಿಂತಿರುಗಿಸುವುದರಿಂದಲೇ ಇಷ್ಟು ಪುಟ್ಟ ಕಾಯ ನಮ್ಮ ಕನ್ನಡಿಗೆ ಎಟುಕುತ್ತದೆ.

ನಿಜವಾದ ತೊಡಕು ಶನಿಯ ಪ್ರಖರತೆ. ಸುಮಾರು 33 ಗಂಟೆಗೊಮ್ಮೆ ಶನಿಯನ್ನು ಸುತ್ತುವ ಈ ಉಪಗ್ರಹ ಅತಿ ದೂರ ಸರಿದಾಗಲೂ ಮುಖ್ಯ ಉಂಗುರಗಳ ಹೊರ ಅಂಚಿನಿಂದ ಸುಮಾರು 1 ಲಕ್ಷ ಕಿ.ಮೀ. ಆಚೆಗಷ್ಟೇ ಇರುತ್ತದೆ; ಅದು ಶನಿಯ ವ್ಯಾಸಕ್ಕಿಂತಲೂ ಕಡಿಮೆ. ಆದ್ದರಿಂದ ಉಂಗುರಗಳು ಗೆರೆಯಷ್ಟು ತೆಳುವಾಗಿ, ಕಡಿಮೆ ಪ್ರಖರವಾಗಿ ಕಾಣುತ್ತಿದ್ದ 2025ರ ಕೊನೆಯ ತಿಂಗಳುಗಳಲ್ಲಿ ನಾನು ಪ್ರಯತ್ನಿಸಿದೆ. ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ 1789ರ ಆಗಸ್ಟ್ 28ರಂದು ಇದನ್ನು ಕಂಡುಹಿಡಿದದ್ದೂ ಉಂಗುರಗಳು ಹೀಗೆ ತೆಳುವಾಗಿದ್ದ ಕಾಲದಲ್ಲೇ. ದೂರದರ್ಶಕದ ಜೊತೆಗೆ ಬಂದ 25 ಮಿ.ಮೀ. ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ಮಸೂರ; ಮಿ.ಮೀ. ಕಡಿಮೆಯಾದಷ್ಟೂ ಹೆಚ್ಚು ಹಿಗ್ಗಿಸುತ್ತದೆ) ಅದರ ಸುಳಿವೇ ಇರಲಿಲ್ಲ. 10 ಮಿ.ಮೀ. ಐಪೀಸಿನಲ್ಲಿ ಶನಿಯ ಇತರ ಉಪಗ್ರಹಗಳಾದ ರಿಯಾ, ಡಯೋನಿ, ಟೆಥಿಸ್ ಒಂದೊಂದಾಗಿ ಕಾಣಿಸಿದವು. ಪ್ರತ್ಯೇಕವಾಗಿ ಕೊಂಡ 6 ಮಿ.ಮೀ. ಐಪೀಸಿನಿಂದ 200 ಪಟ್ಟು ಹಿಗ್ಗಿಸಿ, ಶನಿಯನ್ನು ನೋಟದ ಅಂಚಿನಾಚೆಗೆ ಸರಿಸಿ, ಉಸಿರು ಬಿಗಿಹಿಡಿದು ಕಾದಾಗ ಮರಳಿನ ಕಣದಂಥ ಚುಕ್ಕೆಯೊಂದು ಮೂಡಿತು. ನೇರವಾಗಿ ನೋಡಿದರೆ ಮಾಯವಾಗುತ್ತಿತ್ತು, ಓರೆನೋಟಕ್ಕೆ ಮರಳಿ ಬರುತ್ತಿತ್ತು. ಎರಡು ರಾತ್ರಿ ಕಳೆದು ನೋಡಿದಾಗ ಅದು ಶನಿಯ ಇನ್ನೊಂದು ಮಗ್ಗುಲಿನಲ್ಲಿತ್ತು. ನನ್ನ ಅನುಮಾನ ತೀರಿದ್ದು ಆಗಲೇ.

ಕನ್ನಡಿಯ ಗುಣಮಟ್ಟದ ಬಗ್ಗೆ ನನ್ನದು ಪೂರ್ಣ ಮೆಚ್ಚುಗೆ. ಪೀಠದ ಬಗ್ಗೆ ಹಾಗೆ ಹೇಳಲಾರೆ: 200 ಪಟ್ಟಿನಲ್ಲಿ ಭೂಮಿಯ ಆವರ್ತನೆಯಿಂದ ಶನಿ ಒಂದೇ ನಿಮಿಷದೊಳಗೆ ನೋಟದಿಂದ ಜಾರುತ್ತದೆ, ಕೊಳವೆಯನ್ನು ಮೆಲ್ಲಗೆ ತಳ್ಳಿದರೂ ಅದು ಮೊದಲು ಅಂಟಿಕೊಂಡಿದ್ದು ಅನಂತರ ಥಟ್ಟನೆ ಮುಂದಕ್ಕೆ ಹೋಗುತ್ತದೆ. ಕನ್ನಡಿ ಹೊರಗಿನ ತಂಪಿಗೆ ಹೊಂದಿಕೊಳ್ಳಲು ಒಂದು ಗಂಟೆಯಾದರೂ ಬೇಕು. ಸಾಗಿಸಿದಾಗಲೆಲ್ಲ ಕನ್ನಡಿಗಳ ಜೋಡಣೆಯನ್ನು ಸರಿಪಡಿಸಿಕೊಳ್ಳಬೇಕು.

ಈ ಉಪಗ್ರಹದ ದಕ್ಷಿಣ ಧ್ರುವದ ಬಿರುಕುಗಳಿಂದ ನೀರಾವಿ ಮತ್ತು ಹಿಮಕಣಗಳು ಚಿಮ್ಮುವುದನ್ನು ಶನಿಯನ್ನು ಸುತ್ತುತ್ತಿದ್ದ ಕ್ಯಾಸಿನಿ ಬಾಹ್ಯಾಕಾಶ ನೌಕೆ 2005ರಲ್ಲಿ ಪತ್ತೆ ಮಾಡಿತು. ಹಿಮದ ಹೊದಿಕೆಯ ಕೆಳಗೆ ಉಪ್ಪುನೀರಿನ ಸಾಗರವಿದೆ. ಇವುಗಳಲ್ಲಿ ಯಾವುದನ್ನೂ ಮನೆಯಂಗಳದ ದೂರದರ್ಶಕ ತೋರಿಸುವುದಿಲ್ಲ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು. ಆದರೂ ಆ ಸಾಗರವನ್ನು ಹೊತ್ತ ಲೋಕದ ಬೆಳಕು ನನ್ನದೇ ಕಣ್ಣಿಗೆ ಬಿತ್ತು ಎಂಬ ಸಂತೋಷಕ್ಕಾಗಿ ಈ ಉಪಕರಣವನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಉಂಗುರಗಳು 2032ರ ಸುಮಾರಿಗೆ ಅಗಲವಾಗಿ ತೆರೆದುಕೊಂಡು ಪ್ರಖರವಾಗುತ್ತವೆಯಾದ್ದರಿಂದ, ಎನ್ಸೆಲಾಡಸ್ ನೋಡಬಯಸುವವರು ತಡಮಾಡದಿರುವುದು ಲೇಸು.