ಅನಿಮೇಷನ್‌ಗೆ ಯಾವ ಹಾಡು: ಮೂಲದ್ದೋ, ಮರುಹಾಡಿದ್ದೋ, ಹೊಸದೋ?

ನಿಮ್ಮ ಕಿರುಚಿತ್ರಕ್ಕೆ ಜನಪ್ರಿಯ ಹಾಡನ್ನೇ ಹಾಕಬೇಕೇ, ಬೇರೆಯವರಿಂದ ಹಾಡಿಸಬೇಕೇ, ಹೊಸದಾಗಿ ಬರೆಸಬೇಕೇ ಎಂದು ಕೇಳಿದ್ದೀರಿ.

ಮೊದಲು ದುಡ್ಡಿನ ಮಾತು. ಮೂಲ ಧ್ವನಿಮುದ್ರಣ ಬೇಕೆಂದರೆ ಎರಡು ಅನುಮತಿ ಪಡೆಯಬೇಕು: ಸಾಹಿತ್ಯ, ಸಂಗೀತದ ಹಕ್ಕುದಾರರಿಂದ ಒಂದು, ಮುದ್ರಣದ ಹಕ್ಕುಳ್ಳ ಕಂಪನಿಯಿಂದ ಇನ್ನೊಂದು. ಮರುಹಾಡಿಸಿದರೆ ಎರಡನೆಯದು ಬೇಕಿಲ್ಲ, ಆದರೆ ಮೊದಲನೆಯದು ತಪ್ಪುವುದಿಲ್ಲ. ಭಾರತದಲ್ಲಿ ರಚನಕಾರರು ತೀರಿಕೊಂಡು 60 ವರ್ಷ ಕಳೆದರೆ ಆ ರಚನೆ ಮುಕ್ತ. ಪುರಂದರದಾಸರ ಪದವನ್ನು ನೀವೇ ಹಾಡಿಸಬಹುದು. ಆದರೆ ಈ ಕಾಲದವರ ಸಂಯೋಜನೆಯನ್ನೋ ಮುದ್ರಣವನ್ನೋ ಎತ್ತಿಕೊಳ್ಳುವಂತಿಲ್ಲ.

ಇನ್ನು ಪರಿಣಾಮ. ಮಂಕೀಸ್ ತಂಡದ 1966ರ ‘ಐಯಾಮ್ ಎ ಬಿಲೀವರ್’ ಹಾಡನ್ನು ‘ಶ್ರೆಕ್’ (2001) ಚಿತ್ರಕ್ಕಾಗಿ ಸ್ಮ್ಯಾಶ್ ಮೌತ್ ತಂಡ ಮತ್ತೆ ಹಾಡಿತು. ರಾಜಕುಮಾರಿ ಕಥೆಗಳನ್ನೇ ಗೇಲಿ ಮಾಡುವ ಚಿತ್ರಕ್ಕೆ ಆ ತುಂಟತನ ಚೆನ್ನಾಗಿ ಒಗ್ಗಿತು. ‘ಲಿಲೋ ಆ್ಯಂಡ್ ಸ್ಟಿಚ್’ (2002) ಚಿತ್ರದ ಪುಟ್ಟ ಹುಡುಗಿ ಎಲ್ವಿಸ್ ಪ್ರೆಸ್ಲಿಯ ಅಭಿಮಾನಿ. ಅಲ್ಲಿ ಅವನ ಧ್ವನಿಯೇ ಬೇಕಿತ್ತು. ‘ಟಾಯ್ ಸ್ಟೋರಿ’ಗೆ (1995) ರ‍್ಯಾಂಡಿ ನ್ಯೂಮನ್ ಬರೆದ ಗೆಳೆತನದ ಹಾಡು ಇಂದು ಆ ಸರಣಿಯ ಗುರುತೇ ಆಗಿದೆ.

ಪಾತ್ರವೇ ಆ ಹಾಡನ್ನು ಕೇಳುತ್ತಿದ್ದರೆ ಮೂಲವನ್ನೇ ಕೊಳ್ಳಿ. ಹಳೆಯ ಪರಿಚಯಕ್ಕೆ ಹೊಸ ತುಂಟತನ ಬೇಕಿದ್ದರೆ ಮರುಹಾಡಿಸಿ. ಸರಣಿಯಾಗಿ ಮುಂದುವರಿಸುವ ಆಸೆಯಿದ್ದರೆ, ಅಥವಾ ಕೈಯಲ್ಲಿ ಕಾಸು ಕಡಿಮೆಯಿದ್ದರೆ, ಹೊಸಬರೊಬ್ಬರಿಂದ ಬರೆಸಿ, ಹಕ್ಕಿನ ಒಪ್ಪಂದವನ್ನು ಕಾಗದದ ಮೇಲೆ ಮಾಡಿಕೊಳ್ಳಿ.